ಮಸೂದೆಯನ್ನು ಸಮಿತಿಗೆ ಒಪ್ಪಿಸುವ ಅಧಿಕಾರ ತಮ್ಮ ಕೈಯಲ್ಲೇ ಇದೆ: ಸಂಸತ್ತಿನ ಉಭಯ ಸದನಗಳ ಪೀಠಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾಧ್ಯಕ್ಷರಿಗೆ ಮತ್ತು ಮಾನ್ಯ ರಾಜ್ಯಸಭಾ ಸಭಾಪತಿಗಳಿಗೆ,

ಪ್ರತಿ: ಕರ್ನಾಟಕವನ್ನು ಪ್ರತಿನಿಧಿಸುವ 28 ಮಂದಿ ಲೋಕಸಭಾ ಸದಸ್ಯರು ಹಾಗೂ 12 ಮಂದಿ ರಾಜ್ಯಸಭಾ ಸದಸ್ಯರ ಅವಗಾಹನೆಗೆ.

ಗೌರವಪೂರ್ವಕ ವಂದನೆಗಳು.

2025ರ ಫೆಬ್ರವರಿ 13ರಂದು ಲೋಕಸಭೆಯಲ್ಲಿ ಮಂಡನೆಯಾದ ಆದಾಯ ತೆರಿಗೆ ಮಸೂದೆಯ ನೂರಾರು ಪುಟಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಷರತ್ತು ಇತ್ತು. ಹೆಚ್ಚಾಗಿ ಕಡಿತವಾದ ತೆರಿಗೆಯನ್ನು ವಾಪಸ್ ಪಡೆಯಬೇಕಾದವರು ಗಡುವಿನೊಳಗೇ ರಿಟರ್ನ್ ಸಲ್ಲಿಸಿರಬೇಕು ಎಂಬುದು ಅದರ ಸಾರ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದಿದ್ದರೂ, ಬ್ಯಾಂಕಿನವರು ಠೇವಣಿಯ ಬಡ್ಡಿಯಲ್ಲಿ ಟಿಡಿಎಸ್ ಮುರಿದುಕೊಂಡರೆಂಬ ಒಂದೇ ಕಾರಣಕ್ಕೆ ರಿಟರ್ನ್ ಸಲ್ಲಿಸುವ ನಿವೃತ್ತರು ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಕಾಯಿಲೆಯಿಂದಲೋ, ಕಾಗದಪತ್ರ ಸಿಗದೆಯೋ ಅವರು ಗಡುವು ತಪ್ಪಿಸಿಕೊಂಡರೆ, 1961ರ ಕಾಯ್ದೆಯಲ್ಲಿ ತಡವಾಗಿಯಾದರೂ ರಿಟರ್ನ್ ಸಲ್ಲಿಸಿ ತಮ್ಮ ಹಣವನ್ನು ಕೇಳಿ ಪಡೆಯಲು ದಾರಿ ಇತ್ತು. ಹೊಸ ಮಸೂದೆ ಆ ದಾರಿಯನ್ನು ಮುಚ್ಚುವಂತಿತ್ತು. ಆ ಮಸೂದೆಯ ಪರಿಶೀಲನೆಗೆಂದೇ ರಚನೆಯಾದ, ಸಂಸದ ಬೈಜಯಂತ್ ಪಂಡಾ ಅವರ ಅಧ್ಯಕ್ಷತೆಯ 31 ಸದಸ್ಯರ ಆಯ್ಕೆ ಸಮಿತಿ ಈ ಷರತ್ತನ್ನು ಗುರುತಿಸಿತು, ಕೈಬಿಡಬೇಕೆಂದು ಹೇಳಿತು, ಇದೂ ಸೇರಿದಂತೆ 285 ಶಿಫಾರಸುಗಳ ವರದಿಯನ್ನು ಜುಲೈ 21ರಂದು ಸದನದ ಮುಂದಿಟ್ಟಿತು. ಆಗಸ್ಟ್ 8ರಂದು ಸರ್ಕಾರ ಹಳೆಯ ಮಸೂದೆಯನ್ನು ಹಿಂಪಡೆಯಿತು. ಆಗಸ್ಟ್ 11ರಂದು ಬಂದ ಹೊಸ ಮಸೂದೆಯಲ್ಲಿ ಆ ಷರತ್ತು ಇರಲಿಲ್ಲ.

ಅದೇ ದಿನ ಲೋಕಸಭೆ ಆ ಹೊಸ ಮಸೂದೆಯನ್ನು ಗದ್ದಲದ ನಡುವೆ, ಚರ್ಚೆಯಿಲ್ಲದೆ, ಕೆಲವೇ ನಿಮಿಷಗಳಲ್ಲಿ ಅಂಗೀಕರಿಸಿತು. ಅಂದರೆ ದೇಶದ ಪ್ರತಿಯೊಬ್ಬ ತೆರಿಗೆದಾರನಿಗೂ ಸಂಬಂಧಿಸಿದ ಕಾನೂನನ್ನು ಜನಪ್ರತಿನಿಧಿಗಳು ಕುಳಿತು ಓದಿದ್ದೇನಾದರೂ ಇದ್ದರೆ, ಅದು ಸಮಿತಿಯ ಕೋಣೆಯಲ್ಲಿ ಮಾತ್ರ. ಆ ಕೋಣೆಯ ಬಾಗಿಲು ಯಾವ ಮಸೂದೆಗೆ ತೆರೆಯುತ್ತದೆ, ಯಾವುದಕ್ಕೆ ತೆರೆಯುವುದಿಲ್ಲ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ, ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಸಚಿವಾಲಯಗಳಿಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿಗಳು ಇಂದಿನ ರೂಪದಲ್ಲಿ ಆರಂಭವಾದದ್ದು 1993ರ ಏಪ್ರಿಲ್‌ನಲ್ಲಿ. ಆಗ 17 ಇದ್ದವು, 2004ರಲ್ಲಿ 24 ಆದವು. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ, ಸಚಿವರಿಗೆ ಸದಸ್ಯತ್ವವಿಲ್ಲ. ಮಸೂದೆಯೊಂದು ಸಮಿತಿಗೆ ಬಂದಾಗ ಸಂಬಂಧಪಟ್ಟ ಇಲಾಖೆಯ ಕಾರ್ಯದರ್ಶಿ ಎದುರು ಕುಳಿತು, ಈ ಖಂಡ ಏಕೆ ಬೇಕು, ಈ ಪದ ಏಕೆ ಇಲ್ಲಿದೆ, ಇದಕ್ಕೆ ತಗಲುವ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಪತ್ರಿಕಾ ಪ್ರಕಟಣೆಯ ಮೂಲಕ ಸಾರ್ವಜನಿಕರಿಂದ ಅಭಿಪ್ರಾಯ ಕೇಳಲಾಗುತ್ತದೆ, ತಜ್ಞರನ್ನೂ ಬಾಧಿತರನ್ನೂ ಕರೆಸಲಾಗುತ್ತದೆ, ಕೊನೆಯಲ್ಲಿ ಖಂಡವಾರು ಪರಿಶೀಲನೆ ನಡೆದು ವರದಿ ಸಿದ್ಧವಾಗುತ್ತದೆ. ಒಪ್ಪದ ಸದಸ್ಯರು ಭಿನ್ನಮತ ಟಿಪ್ಪಣಿ ಬರೆಯಬಹುದು. ಸಭೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದರಿಂದ ಕ್ಯಾಮೆರಾಕ್ಕಾಗಿ ಮಾತನಾಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಪಕ್ಷಾಂತರ ನಿಷೇಧ ಕಾನೂನಿನ ಅಂಕುಶವಿರುವುದು ಸದನದೊಳಗಿನ ಮತಕ್ಕೆ. ಸಮಿತಿಯಲ್ಲಿ ವಿಪ್‌ನ, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶದ, ಭಯವಿಲ್ಲ. ಸದನದಲ್ಲಿ ಹಾವು ಮುಂಗುಸಿಯಂತಿರುವ ಸದಸ್ಯರು ಇಲ್ಲಿ ಒಂದೇ ವಾಕ್ಯದ ತಿದ್ದುಪಡಿಗೆ ಒಟ್ಟಿಗೆ ಸಹಿ ಹಾಕಿದ ನಿದರ್ಶನಗಳು ಎಷ್ಟೋ ಇವೆ.

ಇಂಥ ವ್ಯವಸ್ಥೆಯನ್ನು ನಾವು ಎಷ್ಟು ಬಳಸುತ್ತಿದ್ದೇವೆ? ಸಂಸತ್ತಿನ ಕಾರ್ಯಕಲಾಪಗಳನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಲೆಕ್ಕದ ಪ್ರಕಾರ 14ನೇ ಲೋಕಸಭೆಯ (2004–09) ಅವಧಿಯಲ್ಲಿ ಶೇ 60ರಷ್ಟು, 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳ ಮುಂದೆ ಹೋಗಿದ್ದವು. 16ನೇ ಲೋಕಸಭೆಯಲ್ಲಿ ಅದು ಕಾಲು ಭಾಗದ ಆಸುಪಾಸಿಗೆ ಇಳಿಯಿತು, 17ನೇ ಲೋಕಸಭೆಯಲ್ಲಿ (2019–24) ಸುಮಾರು ಶೇ 16ಕ್ಕೆ ಬಂದು ನಿಂತಿತು. ಸರ್ಕಾರ ಯಾವ ಪಕ್ಷದ್ದೇ ಆಗಲಿ, ತನ್ನ ಮಸೂದೆಯನ್ನು ಬೇಗ ಪಾಸು ಮಾಡಿಸಿಕೊಳ್ಳಲು ಬಯಸುವುದು ಸಹಜ. ಆ ಆತುರಕ್ಕೆ ಕಡಿವಾಣ ಹಾಕಬೇಕಾದ್ದು ಸಂಸತ್ತು, ಸಂಸತ್ತಿನ ಪರವಾಗಿ ತಾವು.

ಸಮಿತಿಯನ್ನು ಬದಿಗಿಟ್ಟದ್ದರ ಬೆಲೆಯನ್ನು ನೋಡಬೇಕಾದರೆ ಕೃಷಿ ಕಾಯ್ದೆಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಗಳಾಗಿ ಬಂದ ಅವು ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ ಮಸೂದೆಗಳಾಗಿ ಮಂಡನೆಯಾದವು. ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ಬೇಡಿಕೆ ರಾಜ್ಯಸಭೆಯಲ್ಲಿ ಎದ್ದರೂ, ಎರಡು ಮುಖ್ಯ ಮಸೂದೆಗಳು ಅದೇ ತಿಂಗಳ 20ರಂದು ಭಾರೀ ಗದ್ದಲದ ನಡುವೆ ಅಲ್ಲಿ ಧ್ವನಿಮತದಿಂದ ಅಂಗೀಕಾರವಾದವು. ಕೃಷಿ ಉತ್ಪನ್ನ ವ್ಯಾಪಾರದ ಮಸೂದೆಯಲ್ಲಿ ರೈತ ಮತ್ತು ವರ್ತಕರ ನಡುವಿನ ವ್ಯಾಜ್ಯವನ್ನು ಉಪವಿಭಾಗಾಧಿಕಾರಿ ಬಗೆಹರಿಸಬೇಕು, ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದಿತ್ತು. ರಾಯಚೂರಿನ ಹತ್ತಿ ಬೆಳೆಗಾರನನ್ನೋ ಶಿವಮೊಗ್ಗದ ಅಡಿಕೆ ಮಂಡಿಯ ದಲಾಲರನ್ನೋ ಸಮಿತಿಯ ಮುಂದೆ ಕೂರಿಸಿದ್ದರೆ ಮೊದಲ ದಿನವೇ ಬರುತ್ತಿದ್ದ ಪ್ರಶ್ನೆ ಇದು: ಕಂದಾಯದ ಕಡತಗಳಲ್ಲೇ ಮುಳುಗಿರುವ ಎಸಿ ಸಾಹೇಬರು ನಮ್ಮ ಬಾಕಿ ಹಣದ ತಕರಾರನ್ನು ಯಾವಾಗ ಕೇಳುತ್ತಾರೆ? ಪ್ಯಾನ್ ಕಾರ್ಡ್ ಒಂದನ್ನು ಹಿಡಿದು ಬರುವ ವ್ಯಾಪಾರಿ ಹಣ ಕೊಡದೆ ಹೋದರೆ ಅವನನ್ನು ಎಲ್ಲಿ ಹುಡುಕುವುದು?

ದೆಹಲಿಯ ಗಡಿಯಲ್ಲಿ ರೈತರು ಬೀಡುಬಿಟ್ಟ ಮೇಲೆ, ಡಿಸೆಂಬರ್ 9ರಂದು, ಸರ್ಕಾರವೇ ಅವರಿಗೆ ಲಿಖಿತ ಪ್ರಸ್ತಾವ ಕಳುಹಿಸಿತು. ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಅವಕಾಶ, ವ್ಯಾಪಾರಿಗಳ ನೋಂದಣಿಗೆ ರಾಜ್ಯಗಳಿಗೆ ಅಧಿಕಾರ, ಖಾಸಗಿ ಮಂಡಿಗಳ ಮೇಲೂ ರಾಜ್ಯಗಳು ಶುಲ್ಕ ಹಾಕುವ ಅವಕಾಶ ಇವೆಲ್ಲ ಅದರಲ್ಲಿದ್ದವು. ಸೆಪ್ಟೆಂಬರ್‌ನಲ್ಲಿ ಒಂದು ಸ್ಥಾಯಿ ಸಮಿತಿ ಖಂಡವಾರು ಕುಳಿತಿದ್ದರೆ ಬರೆಯುತ್ತಿದ್ದ ವರದಿಯನ್ನು ಸರ್ಕಾರ ಡಿಸೆಂಬರ್‌ನಲ್ಲಿ ತಾನೇ ಬರೆಯಿತು ಎನ್ನಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಯಾರು ನಂಬುತ್ತಾರೆ? 2021ರ ನವೆಂಬರ್ ಕೊನೆಯಲ್ಲಿ ಆ ಕಾಯ್ದೆಗಳು ರದ್ದಾದವು. ರದ್ದತಿ ಮಸೂದೆಯನ್ನೂ ಎರಡೂ ಸದನಗಳು 29ರಂದು ಒಂದೇ ದಿನ, ಚರ್ಚೆಯಿಲ್ಲದೆ ಅಂಗೀಕರಿಸಿದವು. ಆ ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಕೃಷಿ ಮಾರುಕಟ್ಟೆಯ ಸುಧಾರಣೆ ಬೇಕು ಎನ್ನುವವರಿಗೇ ಈ ತರಾತುರಿಯಿಂದ ಹೆಚ್ಚು ನಷ್ಟವಾಯಿತು ಎಂಬುದಷ್ಟೇ ನನ್ನ ಮಾತು.

ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನಿನ ಕಥೆ ಇನ್ನೂ ವಿಚಿತ್ರವಾದದ್ದು. 2019ರ ಡಿಸೆಂಬರ್‌ನಲ್ಲಿ ಬಂದ ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು, ಸಮಿತಿ ಎರಡು ವರ್ಷ ದುಡಿದು 81 ತಿದ್ದುಪಡಿಗಳನ್ನು ಸೂಚಿಸಿತು, ಸರ್ಕಾರ 2022ರ ಆಗಸ್ಟ್‌ನಲ್ಲಿ ಮಸೂದೆಯನ್ನೇ ಹಿಂಪಡೆಯಿತು. ಅಲ್ಲಿಯವರೆಗೆ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ 2023ರ ಆಗಸ್ಟ್ 3ರಂದು ಮಂಡನೆಯಾದ ಬೇರೆಯೇ ಸ್ವರೂಪದ ಹೊಸ ಮಸೂದೆಯನ್ನು ಯಾವ ಸಮಿತಿಗೂ ಒಪ್ಪಿಸಲಿಲ್ಲ. 7ರಂದು ಲೋಕಸಭೆ, 9ರಂದು ರಾಜ್ಯಸಭೆ ಅದನ್ನು ಅಂಗೀಕರಿಸಿದವು. ಅದರ 44ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿತು. ಹಿಂದೆ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿ ಇತ್ತು. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು. 8(2)ರಲ್ಲಿ ಸಾರ್ವಜನಿಕ ಹಿತದ ಅವಕಾಶ ಹಾಗೇ ಉಳಿದಿದೆ ಎಂಬುದು ಸರ್ಕಾರದ ಸಮಜಾಯಿಷಿ. ಇರಬಹುದು. ಆದರೆ ಗ್ರಾಮ ಪಂಚಾಯಿತಿಯಲ್ಲಿ ಮನೆ ಮಂಜೂರಾದವರ ಪಟ್ಟಿಯನ್ನೋ ಉದ್ಯೋಗ ಖಾತ್ರಿಯ ಹಾಜರಿ ಪುಸ್ತಕವನ್ನೋ ಕೇಳಿ ಅರ್ಜಿ ಹಾಕಿದವನಿಗೆ ಮೊದಲ ಉತ್ತರ ಕೊಡುವವರು ಪಂಚಾಯಿತಿ ಮಟ್ಟದ ಮಾಹಿತಿ ಅಧಿಕಾರಿ. ಹೆಸರಿರುವ ಕಾಗದವೆಲ್ಲ ವೈಯಕ್ತಿಕ ಎಂದು ಅವರು ಹಿಂಬರಹ ಕೊಟ್ಟರೆ ಅರ್ಜಿದಾರ ಮೇಲ್ಮನವಿಗಳಿಗೆ ಅಲೆಯಬೇಕು. ಈ ಮಾತನ್ನು ಸಮಿತಿಯ ಮುಂದೆ ಹೇಳಲು ಕರ್ನಾಟಕದಿಂದ ಹತ್ತಾರು ಮಂದಿ ಬರುತ್ತಿದ್ದರು. ಕರೆಯಲು ಸಮಿತಿಯೇ ಇರಲಿಲ್ಲ.

ಸಮಿತಿಗೆ ಒಪ್ಪಿಸಿದರೆ ವಿಳಂಬವಾಗುತ್ತದೆ ಎಂಬ ಮಾತನ್ನು ತಾವು ಪದೇ ಪದೇ ಕೇಳಿರುತ್ತೀರಿ. ಅದರಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ಬಾಡಿಗೆ ತಾಯ್ತನದ ಮಸೂದೆ 2016ರಲ್ಲಿ ಬಂದು, 2017ರಲ್ಲಿ ಆರೋಗ್ಯ ಸ್ಥಾಯಿ ಸಮಿತಿಯ ವರದಿ ಪಡೆದು, ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಗಿ, 2019ರಲ್ಲಿ ಮತ್ತೆ ಬಂದು, ರಾಜ್ಯಸಭೆಯ ಆಯ್ಕೆ ಸಮಿತಿಯನ್ನೂ ಹಾದು, 2021ರ ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ಐದು ವರ್ಷ ದೀರ್ಘ ಕಾಲವೇ. ಆದರೆ ಆ ಅವಧಿಯಲ್ಲಿ ಆದ ಬದಲಾವಣೆಯನ್ನು ನೋಡಬೇಕು. ಮೂಲ ಮಸೂದೆಯ ಪ್ರಕಾರ ಬಾಡಿಗೆ ತಾಯಿಯಾಗುವವಳು ದಂಪತಿಯ ಹತ್ತಿರದ ಸಂಬಂಧಿಯೇ ಆಗಿರಬೇಕಿತ್ತು. ನಮ್ಮ ಕೂಡು ಕುಟುಂಬಗಳಲ್ಲಿ ನಾದಿನಿಗೋ ಓರಗಿತ್ತಿಗೋ ಹಿರಿಯರು ಕೂರಿಸಿಕೊಂಡು ಹೇಳಿದರೆ ಅವಳ ಒಪ್ಪಿಗೆಗೆ ಎಷ್ಟು ಅರ್ಥ ಉಳಿಯುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆಯ್ಕೆ ಸಮಿತಿ ಆ ಷರತ್ತನ್ನು ತೆಗೆದು, ಮನಸ್ಸಿರುವ ಯಾವ ಮಹಿಳೆಯೂ ಆಗಬಹುದು ಎಂದಿತು; ಮಕ್ಕಳಾಗದೆ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಕೈಬಿಡಲು ಹೇಳಿತು; ಬಾಡಿಗೆ ತಾಯಿಯ ವಿಮೆಯ ಅವಧಿಯನ್ನು 16 ತಿಂಗಳಿಂದ 36 ತಿಂಗಳಿಗೆ ಏರಿಸಿತು. ಇವು ಕಾಯ್ದೆಯಲ್ಲಿ ಸೇರಿದವು. ಇನ್ನು ಮನಸ್ಸು ಮಾಡಿದರೆ ಸಮಿತಿ ಎಷ್ಟು ಬೇಗ ಕೆಲಸ ಮುಗಿಸಬಲ್ಲದು ಎಂಬುದಕ್ಕೆ ದಿವಾಳಿತನ ಸಂಹಿತೆ ಸಾಕ್ಷಿ: 2015ರ ಡಿಸೆಂಬರ್‌ನಲ್ಲಿ ಮಂಡನೆ, 2016ರ ಏಪ್ರಿಲ್‌ನಲ್ಲಿ ಜಂಟಿ ಸಮಿತಿಯ ವರದಿ, ಮೇ ತಿಂಗಳಲ್ಲಿ ಅಂಗೀಕಾರ.

ಸಮಿತಿಗೆ ಹೋದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. 2023ರ ಮಾರ್ಚ್‌ನಲ್ಲಿ ಅರಣ್ಯ ಸಂರಕ್ಷಣೆ ತಿದ್ದುಪಡಿ ಮಸೂದೆ ಬಂದಾಗ ಅದನ್ನು ಪರಿಸರ ವಿಷಯದ ಸ್ಥಾಯಿ ಸಮಿತಿಗೆ ಕಳುಹಿಸದೆ, ಅದಕ್ಕೆಂದೇ ಜಂಟಿ ಸಮಿತಿಯೊಂದನ್ನು ರಚಿಸಲಾಯಿತು. ಆ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಜೈರಾಮ್ ರಮೇಶ್. ಅವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಜಂಟಿ ಸಮಿತಿ ಜುಲೈನಲ್ಲಿ ಕೊಟ್ಟ ವರದಿ ಮಸೂದೆಯಲ್ಲಿ ಒಂದೂ ಬದಲಾವಣೆ ಬೇಡವೆಂದಿತು. ಡೀಮ್ಡ್ ಅರಣ್ಯ (ಅಧಿಕೃತವಾಗಿ ಅರಣ್ಯವೆಂದು ಘೋಷಣೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗ) ಎಂಬ ಮಾತು ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ, ಮಲೆನಾಡಿನ ಪ್ರತಿ ತಾಲ್ಲೂಕು ಕಚೇರಿಯಲ್ಲಿ ದಿನನಿತ್ಯದ ಮಾತು. ದಾಖಲೆಯಲ್ಲಿ ಅರಣ್ಯವೆಂದು ನಮೂದಾಗದ ಕಾಡಿನ ಗತಿಯೇನು ಎಂಬ ಪ್ರಶ್ನೆಗೆ ಅಷ್ಟು ಮನವಿಗಳ ನಡುವೆ ಒಂದು ತಿದ್ದುಪಡಿಯೂ ಹುಟ್ಟಲಿಲ್ಲವೆಂದರೆ, ಪರಿಶೀಲನೆ ಹೋದ ಪುಟ್ಟ ಬಂದ ಪುಟ್ಟ ಎಂಬಂತಾಯಿತು ಎಂದೇ ನನ್ನ ಅಭಿಪ್ರಾಯ. ವಕ್ಫ್ ತಿದ್ದುಪಡಿ ಮಸೂದೆಯ ಜಂಟಿ ಸಮಿತಿಗೆ 97 ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು, ಅದರ ಅಧ್ಯಕ್ಷರು ಹುಬ್ಬಳ್ಳಿ ಮತ್ತು ವಿಜಯಪುರಕ್ಕೂ ಬಂದು ರೈತರ ಅಹವಾಲು ಕೇಳಿದರು. ಕೊನೆಗೆ ತಿದ್ದುಪಡಿಗಳ ಮೇಲಿನ ಮತ ಪಕ್ಷದ ಗೆರೆಯಲ್ಲೇ ಬಿತ್ತು. ವಿರೋಧ ಪಕ್ಷಗಳ ತಿದ್ದುಪಡಿಗಳೆಲ್ಲ ಬಿದ್ದುಹೋದವು, ಭಿನ್ನಮತ ಟಿಪ್ಪಣಿಗಳ ಭಾಗಗಳನ್ನು ತೆಗೆದುಹಾಕಲಾಗಿದೆಯೆಂದು ರಾಜ್ಯಸಭೆಯಲ್ಲಿ ಜಗಳವಾಯಿತು. (97 ಲಕ್ಷ ಮನವಿಗಳನ್ನು 31 ಜನ ಓದುವುದಂತೂ ಆಗದ ಮಾತು, ಅವುಗಳ ಸಾರವನ್ನು ವಿಷಯವಾರು ವಿಂಗಡಿಸಿ ಪ್ರಕಟಿಸುವ ವ್ಯವಸ್ಥೆಯಾದರೂ ಬೇಡವೇ?)

ಒಂದೊಂದು ಮಸೂದೆಗಾಗಿ ಹುಟ್ಟಿ ಕರಗುವ ಸಮಿತಿಗೂ, ವರ್ಷವಿಡೀ ಅದೇ ಇಲಾಖೆಯ ಅನುದಾನ ಬೇಡಿಕೆ ಮತ್ತು ವಾರ್ಷಿಕ ವರದಿಗಳನ್ನು ನೋಡುತ್ತಾ ಕೂತ ಸ್ಥಾಯಿ ಸಮಿತಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಜಂಟಿ ಸಮಿತಿ ರಚನೆಗೆ ಸದನದಲ್ಲಿ ನಿರ್ಣಯ ಬೇಕು. ಸದನದಲ್ಲಿ ಬಹುಮತವಿರುವ ಸರ್ಕಾರದ ಇಚ್ಛೆಯಂತೆಯೇ ಅದು ನಡೆಯುತ್ತದೆ. ಸ್ಥಾಯಿ ಸಮಿತಿಗೆ ಒಪ್ಪಿಸಲು ಅಂಥ ನಿರ್ಣಯ ಬೇಕಿಲ್ಲ. ಲೋಕಸಭೆಯ ನಿಯಮ 331ಇ ಮತ್ತು ರಾಜ್ಯಸಭೆಯ ನಿಯಮ 270 ಹೇಳುವಂತೆ, ಸ್ಪೀಕರ್ ಅಥವಾ ಸಭಾಪತಿ ಒಪ್ಪಿಸಿದ ಮಸೂದೆಗಳನ್ನು ಸಮಿತಿ ಪರಿಶೀಲಿಸಬೇಕು. ಅಧಿಕಾರವನ್ನು ನಿಯಮವೇ ತಮಗೆ ಕೊಟ್ಟಿದೆ. ಹೊಸ ಕಾನೂನಾಗಲಿ, ಸಂವಿಧಾನ ತಿದ್ದುಪಡಿಯಾಗಲಿ, ಸಂಪುಟದ ಅನುಮತಿಯಾಗಲಿ ಇದಕ್ಕೆ ಬೇಡ.

ಎಲ್ಲ ಮಸೂದೆಗಳೂ ಸ್ಥಾಯಿ ಸಮಿತಿಗಳಿಗೆ ಹೋಗಬೇಕೆಂದು ಸಂವಿಧಾನದ ಕಾರ್ಯನಿರ್ವಹಣೆಯನ್ನು ಪರಾಮರ್ಶಿಸಿದ ರಾಷ್ಟ್ರೀಯ ಆಯೋಗ 2002ರಲ್ಲೇ ಹೇಳಿತ್ತು. ಅದರ ಅಧ್ಯಕ್ಷರಾಗಿದ್ದವರು ನಮ್ಮ ಬೆಂಗಳೂರಿನವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಆ ಶಿಫಾರಸನ್ನು ರೂಢಿಗೆ ತರುವಂತೆ ನನ್ನ ವಿನಂತಿ. ಹಣಕಾಸು ಮಸೂದೆಗಳನ್ನೂ, ನಿಜವಾಗಿ ತುರ್ತಿನವನ್ನೂ ಬಿಡಬಹುದು. ಆದರೆ ತುರ್ತು ಎಂದು ಸಚಿವರು ಹೇಳಿದರೆ ಸಾಲದು. ಈ ಮಸೂದೆಯನ್ನು ಸಮಿತಿಗೆ ಒಪ್ಪಿಸದಿರಲು ಕಾರಣವೇನೆಂದು ಪೀಠದಿಂದ ಲಿಖಿತವಾಗಿ ಹೊರಬೀಳಬೇಕು. ವರದಿ ಬಂದ ಮೇಲೆ ಅದರ ಶಿಫಾರಸುಗಳು ಸಲಹೆಯ ಸ್ವರೂಪದವು, ಸರ್ಕಾರ ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಏಕೆಂದು ಪ್ರತಿ ಖಂಡಕ್ಕೂ ಕಾರಣ ಕೊಡುವ ಹೇಳಿಕೆಯನ್ನು, ಮಸೂದೆ ಚರ್ಚೆಗೆ ಬರುವ ಮೊದಲೇ ಸದನದ ಮುಂದಿಡುವಂತೆ ಸಚಿವರಿಗೆ ಸೂಚಿಸುವುದು ತಮಗೆ ಕಷ್ಟವಾಗಲಾರದು.

1996ರಲ್ಲಿ ಎಚ್.ಡಿ. ದೇವೇಗೌಡರ ಸರ್ಕಾರ ಮಹಿಳಾ ಮೀಸಲಾತಿ ಮಸೂದೆಯನ್ನು ಮಂಡಿಸಿದಾಗ ಗೀತಾ ಮುಖರ್ಜಿ ಅವರ ಜಂಟಿ ಸಮಿತಿ ಮೂರು ತಿಂಗಳೊಳಗೆ ವರದಿ ಕೊಟ್ಟು, ಮೂರನೇ ಒಂದು ಭಾಗ ಎಂಬುದನ್ನು ಹೇಗೆ ಬರೆದರೆ ಗೊಂದಲವಾಗದು ಎಂಬುದರವರೆಗೆ ಅಕ್ಷರ ಅಕ್ಷರ ನೋಡಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದೇ ಉದ್ದೇಶದ ಸಂವಿಧಾನ ತಿದ್ದುಪಡಿ ಮೂರು ದಿನಗಳಲ್ಲಿ ಎರಡೂ ಸದನಗಳನ್ನು ದಾಟಿತು. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ನಂತರವೇ ಜಾರಿ ಎಂಬ ಹೊಸ ಷರತ್ತು ಅದರಲ್ಲಿತ್ತು. ಜನಗಣತಿ ಯಾವಾಗ ಎಂದು ಅಧಿಕಾರಿಗಳನ್ನು ಕೂರಿಸಿ ಕೇಳುವ ಅವಕಾಶ ಒಬ್ಬ ಸದಸ್ಯರಿಗೂ ಸಿಗಲಿಲ್ಲ.

ಕನ್ನಡಿಗನಾಗಿ ಇನ್ನೊಂದು ಮಾತು. ಸಮಿತಿಗಳು ಅಭಿಪ್ರಾಯ ಕೇಳಿ ಹೊರಡಿಸುವ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಹದಿನೈದು ದಿನಗಳ ಅವಕಾಶವಿರುತ್ತದೆ. ಮನವಿ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿರಬೇಕು ಎಂದಿರುತ್ತದೆ. ಮಸೂದೆಯ ಪಠ್ಯ ಸಿಗುವುದೂ ಆ ಎರಡು ಭಾಷೆಗಳಲ್ಲೇ. ಸದನದೊಳಗೆ ಕನ್ನಡದಲ್ಲಿ ಮಾತನಾಡಿದ ಸದಸ್ಯರಿಗೆ ಏಕಕಾಲದ ಭಾಷಾಂತರದ ಸೌಲಭ್ಯವಿದೆ, ಆದರೆ ಅದೇ ಸಂಸತ್ತಿನ ಸಮಿತಿಗೆ ಕನ್ನಡದಲ್ಲಿ ಪತ್ರ ಬರೆಯುವ ಹಾವೇರಿಯ ರೈತ ಮಹಿಳೆಗೆ ಇಲ್ಲ. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರವೇ 2014ರಲ್ಲಿ ಇಲಾಖೆಗಳಿಗೆ ಸೂಚಿಸಿತ್ತು. ಸಮಿತಿಗಳೂ ಅಷ್ಟು ಸಮಯ ಕೊಡಲಿ. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿ ಬಂದ ಮನವಿಯನ್ನೂ ಸ್ವೀಕರಿಸುವಂತೆ, ಮಸೂದೆಯ ಸಾರಾಂಶವನ್ನಾದರೂ ಆ ಭಾಷೆಗಳಲ್ಲಿ ಪ್ರಕಟಿಸುವಂತೆ ಎರಡೂ ಸದನಗಳ ಸಚಿವಾಲಯಗಳಿಗೆ ತಾವು ನಿರ್ದೇಶನ ನೀಡಬೇಕೆಂದು ಕೋರುತ್ತೇನೆ.

ದೆಹಲಿಗೆ ಬುದ್ಧಿ ಹೇಳುವಾಗ ವಿಧಾನಸೌಧವನ್ನು ಮರೆಯುವುದು ಸರಿಯಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು 2024ರಲ್ಲಿ ಉಭಯ ಸದನಗಳ ಜಂಟಿ ಸಮಿತಿಗೆ ಒಪ್ಪಿಸಿ, 2025ರ ಮಾರ್ಚ್‌ನಲ್ಲಿ ಅಂಗೀಕರಿಸಿದ್ದು ಒಳ್ಳೆಯ ನಡೆ. ಆದರೆ ಅದು ನಮ್ಮಲ್ಲಿ ಅಪರೂಪವೇ. ಆ ಕುರಿತು ವಿಧಾನಸಭಾಧ್ಯಕ್ಷರಿಗೆ ಬೇರೆಯೇ ಪತ್ರ ಬರೆಯಬೇಕು.

ಕರ್ನಾಟಕದ ನಲವತ್ತು ಸದಸ್ಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಅಧಿವೇಶನದಲ್ಲಿ ಯಾವ ಸಚಿವರೇ ಮಸೂದೆ ಮಂಡಿಸಲಿ, ಅದು ಯಾವ ಸ್ಥಾಯಿ ಸಮಿತಿಗೆ ಹೋಗುತ್ತದೆ, ವರದಿಗೆ ಎಷ್ಟು ಕಾಲಾವಕಾಶ ಎಂಬುದನ್ನು ಅದೇ ದಿನ ಪೀಠದ ಮುಂದೆ ಪಕ್ಷಭೇದವಿಲ್ಲದೆ ಕೇಳಿ. ತಮ್ಮ ಪಕ್ಷದ ಸರ್ಕಾರದ ಮಸೂದೆಯಾದರೂ ಕೇಳಿ. ಪೀಠದಿಂದ ಬಂದ ಉತ್ತರವನ್ನು ಕ್ಷೇತ್ರದ ಜನರಿಗೆ ಕನ್ನಡದಲ್ಲಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ಮತದಾರ